ಫಿಟ್ಟರು ಬಿಚ್ಚಿದ ಮನೆ

ಮರುಪರಿಶೀಲನೆಯ ಫಾರ್ಮಿನಲ್ಲಿ ಫಿಟ್ಟರಿಗೆ ತೊಂದರೆ ಕೊಟ್ಟದ್ದು ಒಂದೇ ಒಂದು ಪದ. ಅದು ‘ಇಲ್ಲ’.

ಅವರ ಮಗಳಿಗೆ ಇಪ್ಪತ್ತೇಳು ವರ್ಷ. ಹುಟ್ಟಿದಾಗಿನಿಂದ ಬಲಗೈ, ಬಲಗಾಲು ಅವಳ ಮಾತು ಕೇಳಿದ್ದಿಲ್ಲ. ಅದಕ್ಕಾಗಿ ಸರ್ಕಾರ ಅಂಗವಿಕಲರ ಭತ್ಯೆ ಕೊಡುತ್ತಿತ್ತು. ಭತ್ಯೆಯ ಜೊತೆಗೆ ಒಂದು ವ್ಯಾನ್ ಬರುತ್ತಿತ್ತು. ಬೆಳಿಗ್ಗೆ ಅವಳನ್ನು ಗ್ರಂಥಾಲಯಕ್ಕೆ ಒಯ್ದು ಸಂಜೆ ತಂದು ಬಿಡುತ್ತಿತ್ತು. ಪುಸ್ತಕ ಕೊಡುವ ಮೇಜಿನ ಹಿಂದೆ ಅವಳು ಕೂತರೆ, ಪುಸ್ತಕ ತಡವಾಗಿ ತಂದ ಹೆಡ್‌ಮಾಸ್ತರರೂ ಬಾಗಿಲಲ್ಲೇ ಬೆವರೊರೆಸಿಕೊಳ್ಳುತ್ತಿದ್ದರು. ಭತ್ಯೆ ಹೋದರೆ ವ್ಯಾನ್ ಹೋಗುತ್ತದೆ, ವ್ಯಾನ್ ಹೋದರೆ ಗ್ರಂಥಾಲಯ ಹೋಗುತ್ತದೆ. ಬಸ್ಸಿನ ಮೆಟ್ಟಿಲು ಅವಳ ಮಂಡಿಯಷ್ಟು ಎತ್ತರ.

ಅಧಿಕಾರಿ ಅಂದು ಮಧ್ಯಾಹ್ನವೇ ಮನೆಗೆ ಬಂದು ಫಾರ್ಮು ತೆಗೆದುಕೊಂಡು ಹೋಗುವವರಿದ್ದರು. ಇಬ್ಬರೂ ರಜೆ ಹಾಕಿ, ಬೆಳಿಗ್ಗೆಯೇ ಫಾರ್ಮು ಹರಡಿಕೊಂಡು ಕೂತರು.

“‘ಸಹಾಯವಿಲ್ಲದೆ ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲಿರಾ?’” ಫಿಟ್ಟರು ಓದಿದರು. “ಹೌದು.”

“ಅಪ್ಪ, ಇಲ್ಲ ಅಂತ ಬರಿ.”

“ಯಾಕೆ? ಕೊಕ್ಕೆ ಕಡ್ಡಿ ಮಾಡಿಕೊಟ್ಟಿದ್ದೀನಲ್ಲ?”

“ಕೊಕ್ಕೆ ಇಲ್ಲದೆ ಆಗುತ್ತಾ ಅಂತ ಕೇಳ್ತಿದ್ದಾರೆ.”

“ಕೊಕ್ಕೆ ಇದೆಯಲ್ಲ ಪುಟ್ಟಿ. ಇರೋದನ್ನ ಇಲ್ಲ ಅಂತ ಅಂದ್ಕೊಂಡು ಯಾಕೆ ಬರೀಬೇಕು?”

ಮನೆಯ ತುಂಬ ಫಿಟ್ಟರ ಕೈಕೆಲಸವೇ ಇತ್ತು. ಬೆರಳು ತಾಗಿಸಿದರೆ ಬಾಗಿ ಲೋಟಕ್ಕೆ ನೀರು ಸುರಿಯುವ ಕೆಟಲ್ ಸ್ಟ್ಯಾಂಡು. ಒಂದೇ ಕೈಯಲ್ಲಿ ಹೆಚ್ಚುವಾಗ ತರಕಾರಿ ಓಡಿಹೋಗದಂತೆ ಮೊಳೆ ನೆಟ್ಟ ಹಲಗೆ. ಹಿಡಿದು ಎದ್ದು ಕೂರಲು ಮಂಚದ ತುದಿಗೆ ಗಂಟುಗಂಟಿನ ಹಗ್ಗ. ಮೊಣಕೈಯಿಂದ ತೆರೆಯಬಲ್ಲ ನಲ್ಲಿ. ಹೆಂಡತಿ ತೀರಿಕೊಂಡ ವಾರ ಫಿಟ್ಟರು ಅಳಲಿಲ್ಲ. ಬಚ್ಚಲಿಗೆ ಎರಡನೆಯ ಹಿಡಿಕೆ ಹಾಕಿದರು. ಈಗ ಒಂದೊಂದು ‘ಇಲ್ಲ’ ಬರೆಯುವುದೂ ತಮ್ಮ ಕೆಲಸಕ್ಕೆ ತಾವೇ ಸೊನ್ನೆ ಹಾಕಿಕೊಂಡಂತೆ. ಅವರು ಒಂದಾದ ಮೇಲೊಂದರಂತೆ ಹೌದು, ಹೌದು, ಹೌದು ಎಂದು ಬರೆಯುತ್ತ ಹೋದರು. ಮಗಳು ಪೆನ್ನು ಕಿತ್ತುಕೊಳ್ಳುವ ಹೊತ್ತಿಗೆ ನಾಲ್ಕು ಪುಟ ಮುಗಿದಿತ್ತು.

ಮೇಲಿನ ಮನೆಯ ಕಾಯಿದೆ ಮಾಮ ಇಳಿದು ಬಂದದ್ದು ಆಗ. ಅವರು ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅಂದಿನಿಂದ ಕಟ್ಟಡದ ಎಲ್ಲರ ಕಾಗದಪತ್ರಗಳಿಗೂ ಕರೆಯದೆ ಬಂದು ಕನ್ನಡಕ ಹಾಕಿಕೊಳ್ಳುತ್ತಿದ್ದರು.

“ಎಲ್ಲಾ ಹೌದಾ?” ಪುಟ ತಿರುವಿ ಕೇಳಿದರು. “ಇದೇನು ಭತ್ಯೆ ಫಾರ್ಮೋ, ಪೊಲೀಸ್ ಕೆಲಸಕ್ಕೆ ಅರ್ಜಿನೋ?”

“ನಿಜ ತಾನೇ ಬರೆದಿರೋದು?”

“ನಿಜ ಬರೆಯೋಕೆ ಫಾರ್ಮು ಯಾಕೆ ಬೇಕು ಫಿಟ್ಟರೇ? ಇಷ್ಟು ಹೌದು ನೋಡಿದ್ರೆ ವ್ಯಾನ್ ಕಿತ್ತುಕೊಳ್ಳೋದಷ್ಟೇ ಅಲ್ಲ, ಅದನ್ನ ಓಡಿಸೋಕೂ ಇವಳನ್ನೇ ಕರೀತಾರೆ.”

ಫಿಟ್ಟರ ಮುಖ ಬಿಳುಚಿತು. ಮಗಳು ಒಂದೊಂದೇ ‘ಹೌದು’ ಹೊಡೆದುಹಾಕಿ ಪಕ್ಕದಲ್ಲಿ ‘ಇಲ್ಲ’ ಬರೆದಳು. ಒಂದೊಂದು ಇಲ್ಲಕ್ಕೂ ಫಿಟ್ಟರು ಹಲ್ಲು ಕೀಳಿಸಿಕೊಳ್ಳುವವರಂತೆ ಕಣ್ಣು ಮುಚ್ಚಿದರು. ಕೊನೆಯ ಪುಟ ಬರೀ ಸಹಿಯದು ಎಂದು ಮಾಮ ಹೇಳಿದ್ದರಿಂದ ಅದನ್ನು ಯಾರೂ ಓದದೆ ಸಹಿ ಆಯಿತು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮಾಮ ತಲೆಯೆತ್ತಿ ಗೋಡೆ ನೋಡಿದರು.

“ಫಾರ್ಮಲ್ಲಿ ಇಲ್ಲ ಇಲ್ಲ ಅಂತ ಬರೆದು, ಮನೆ ತುಂಬ ಇದನ್ನೆಲ್ಲ ನೇತುಹಾಕಿದ್ರೆ ಹೇಗೆ? ಅಧಿಕಾರಿ ಏನು ಕಣ್ಣು ಮುಚ್ಚಿಕೊಂಡು ಬರ್ತಾರಾ? ಇವಳು ಎಲ್ಲಾ ಸಲೀಸಾಗಿ ಮಾಡ್ಕೋತಾಳೆ ಅಂತ ಗೋಡೆನೇ ಸಾಕ್ಷಿ ಹೇಳುತ್ತೆ. ಬಿಚ್ಚಿ.”

“ಬಿಚ್ಚಬೇಡ ಅಪ್ಪ,” ಎಂದಳು ಮಗಳು. “ಅವು ನನ್ನ ಕೈಕಾಲು.”

“ಸಂಜೆ ಮತ್ತೆ ಹಾಕ್ತೀನಿ ಪುಟ್ಟಿ.”

“ನೋಡಮ್ಮ, ಇದು ಕಾಯಿದೆ ವಿಷಯ,” ಎಂದರು ಮಾಮ.

“ಯಾವ ಕಾಯಿದೆ ಮಾಮ?”

“ಇರೋದೇ.”

ಫಿಟ್ಟರು ಸ್ಕ್ರೂಡ್ರೈವರ್ ತಂದರು. ಬಿಚ್ಚುವುದು ಸುಲಭದ ಕೆಲಸವಾಗಿರಲಿಲ್ಲ. ಹಾಕುವಾಗ ಅವರು ಒಂದೊಂದನ್ನೂ ಕಟ್ಟಡ ಬಿದ್ದರೂ ಅದು ಬೀಳಬಾರದು ಎಂಬಂತೆ ಹಾಕಿದ್ದರು. ಬಚ್ಚಲಿನ ಹಿಡಿಕೆ ಎರಡು ಟೈಲ್ಸನ್ನೂ ಜೊತೆಗೇ ಕರೆದುಕೊಂಡು ಬಂತು. ಗೋಡೆಯ ತೂತುಗಳಿಗೆ ಸೋಪು ಮೆತ್ತಿ ಎಂದು ಮಾಮ ಸಲಹೆ ಕೊಟ್ಟರು. ಮೆತ್ತಿದ ಮೇಲೆ ಗೋಡೆ ಆಗಷ್ಟೇ ಸ್ನಾನ ಮಾಡಿ ಬಂದಂತೆ ಘಮಘಮಿಸತೊಡಗಿತು.

ಬಿಚ್ಚಿದ್ದನ್ನು ಎಲ್ಲಿಡುವುದು? ಸದ್ದು ಕೇಳಿ ಬಂದ ಪಕ್ಕದ ಮನೆಯ ಟೈಲರ್ ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು.

“ನಮ್ಮನೇಲಿ ಇಡಿ ಅಣ್ಣ. ಅಕ್ಕಪಕ್ಕದೋರು ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ?”

ಅವಳದು ಒಂದೇ ಕೋಣೆ. ಅದರಲ್ಲಿ ಹೊಲಿಗೆ ಮಿಷನ್ನು, ಬಟ್ಟೆಯ ರಾಶಿ, ಅತ್ತೆಯ ಮಂಚ, ಮಂಚದ ಮೇಲೆ ಅತ್ತೆ. ಆದರೂ ಅವಳು ಒಂದೊಂದೇ ಸಾಮಾನು ಹೊತ್ತುಕೊಂಡು ಹೋದಳು. ಕೊನೆಯಲ್ಲಿ ಮತ್ತೆ ಬಂದು, “ಇನ್ನೇನಾದ್ರೂ ಉಳಿದಿದ್ರೆ ಕೊಡಿ ಅಣ್ಣ, ಸಂಕೋಚ ಬೇಡ,” ಎಂದಳು. ಫಿಟ್ಟರು ಗುಂಡಿಯ ಕೊಕ್ಕೆಯನ್ನೂ ಕೊಟ್ಟರು.

ಮಗಳು ಕುರ್ಚಿಯಲ್ಲಿ ಕೂತಳು.

“ಅಪ್ಪ, ಟೀ.”

“ಮಾಡ್ಕೋ ಪುಟ್ಟಿ.”

“ಆಗಲ್ಲ. ಫಾರ್ಮಲ್ಲಿ ಬರೆದಿದೆ.”

ಫಿಟ್ಟರು ಕೆಟಲ್ ಎತ್ತಿದರು. ಸ್ಟ್ಯಾಂಡು ಬಂದಂದಿನಿಂದ ಅವರೂ ಅದನ್ನೇ ಬಳಸುತ್ತಿದ್ದರು ಎಂಬುದು ಅರ್ಧ ನೀರು ಲೋಟಕ್ಕೂ ಉಳಿದರ್ಧ ತಮ್ಮ ಕೈಗೂ ಬಿದ್ದ ಮೇಲೆ ನೆನಪಾಯಿತು. ಮಧ್ಯಾಹ್ನದ ಅಡಿಗೆಗೆ ಆಲೂಗಡ್ಡೆ ಹೆಚ್ಚಲು ಕೂತರು. ಮೊಳೆಯಿಲ್ಲದ ಹಲಗೆಯ ಮೇಲೆ ಆಲೂಗಡ್ಡೆ ಒಂದು ಕಡೆಗೆ, ಚಾಕು ಇನ್ನೊಂದು ಕಡೆಗೆ ಹೊರಟವು. ಬೆರಳು ಮಧ್ಯದಲ್ಲಿತ್ತು. ರಕ್ತ ತೊಳೆಯಲು ಬಚ್ಚಲಿಗೆ ಹೋಗಿ, ಅಭ್ಯಾಸಬಲದಿಂದ ಹಿಡಿಕೆಯಿದ್ದ ಜಾಗಕ್ಕೆ ಕೈ ಹಾಕಿದರು. ಕೈಗೆ ಸೋಪು ಸಿಕ್ಕಿತು.

ಬಿದ್ದ ಸದ್ದಿಗೆ ಮಗಳು ಗೋಡೆ ಹಿಡಿದುಕೊಂಡು ಬಂದಳು. ಎಡಗೈ ಚಾಚಿ ಅಪ್ಪನನ್ನು ಎಬ್ಬಿಸಿದಳು.

“ಮೆಲ್ಲಗೆ ಅಪ್ಪ. ಇನ್ನೂ ಎಷ್ಟು ಹೊತ್ತು ಹೀಗಿರಬೇಕು?”

“ಅಧಿಕಾರಿ ಬಂದು ಹೋಗೋ ತನಕ.”

“ಅಲ್ಲೀತನಕ ನೀನು ಉಳೀಬೇಕಲ್ಲ.”

ಅಧಿಕಾರಿ ಬಂದಾಗ ಬಾಗಿಲು ತೆಗೆದವರು ಫಿಟ್ಟರು. ಒಂದು ಕೈಗೆ ಬಟ್ಟೆ ಸುತ್ತಿತ್ತು, ಇನ್ನೊಂದು ಕೈ ಸೊಂಟದ ಮೇಲಿತ್ತು, ಒಂದು ಕಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಅಧಿಕಾರಿ ಸಣ್ಣ ದೇಹದವರು, ಕಂಕುಳಲ್ಲಿ ಫೈಲು. ಫಿಟ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮರುಕದಿಂದ ಕೇಳಿದರು:

“ಅರ್ಜಿದಾರರು ನೀವೇ ಅಲ್ವಾ?”

“ಅಲ್ಲ ಸಾರ್, ನಾನು ನೋಡಿಕೊಳ್ಳೋನು.”

ಒಳಗೆ ಕಾಯಿದೆ ಮಾಮ ಆಗಲೇ ಒಳ್ಳೆಯ ಕುರ್ಚಿ ಹಿಡಿದಿದ್ದರು. ಅಧಿಕಾರಿ ಸ್ಟೂಲಿನ ಮೇಲೆ ಕೂತು ಫಾರ್ಮು ಓದುತ್ತ ಒಂದೊಂದನ್ನೇ ಕೇಳಿದರು. ಗುಂಡಿ? ಆಗಲ್ಲ ಸಾರ್. ಕೆಟಲ್? ಆಗಲ್ಲ. ತರಕಾರಿ? ಆಗಲ್ಲ. ಮಗಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅಂದು ನಿಜಕ್ಕೂ ಏನೂ ಆಗುತ್ತಿರಲಿಲ್ಲ. ಮಾಮ ಪ್ರತಿ ಉತ್ತರಕ್ಕೂ ಪಾಠ ಒಪ್ಪಿಸುವ ಮಗುವನ್ನು ನೋಡುವಂತೆ ತಲೆಯಾಡಿಸಿದರು.

ಅಧಿಕಾರಿ ಕೊನೆಯ ಪುಟ ತಿರುವಿದರು.

“ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲ. ಮನೇಲಿ ಬಳಸೋ ಸಾಧನ ಸಲಕರಣೆ ಏನೇನಿದೆ?”

ಈ ಪ್ರಶ್ನೆಗಾಗಿಯೇ ಬೆಳಿಗ್ಗೆಯಿಂದ ದುಡಿದ ಫಿಟ್ಟರು ಎದೆಯುಬ್ಬಿಸಿದರು. “ಏನೂ ಇಲ್ಲ ಸಾರ್. ಏನೇನೂ ಇಲ್ಲ. ಬೇಕಾದ್ರೆ ಗೋಡೆ ನೋಡಿ.”

ಅಧಿಕಾರಿ ಗೋಡೆ ನೋಡಿದರು. ಸ್ವಲ್ಪ ಮೂಸಿಯೂ ನೋಡಿದರು. ಆಮೇಲೆ ಬೇಸರದಿಂದ ಪೆನ್ನು ತೆಗೆದರು.

“ಹಾಗಾದ್ರೆ ಕಷ್ಟ ಆಯ್ತಲ್ಲ. ಅಂಕ ಕೊಡೋದೇ ಇದಕ್ಕೆ. ಒಂದು ಸಾಧನ ಇದೆ ಅಂದ್ರೆ ಅದರ ಅಗತ್ಯ ಇದೆ ಅಂತ ಲೆಕ್ಕ. ಹಿಡಿಯೋಕೆ ಒಂದು ಹಿಡಿಕೆ ಕೂಡ ಇಲ್ಲದೆ ಇಷ್ಟು ವರ್ಷ ನಡೀತು ಅಂದ್ರೆ, ತೊಂದರೆ ಅಷ್ಟೇನಿಲ್ಲ ಅಂತ ಬರೀಬೇಕಾಗುತ್ತೆ. ಭತ್ಯೆ ಕೆಳಗಿನ ದರ್ಜೆಗೆ ಇಳಿಯುತ್ತೆ. ಆ ದರ್ಜೆಗೆ ವ್ಯಾನ್ ಇಲ್ಲ.”

ಮಾಮನಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ, ವಯಸ್ಸಿಗೆ ಮೀರಿದ ವೇಗದಲ್ಲಿ ಮೆಟ್ಟಿಲು ಹತ್ತಿಹೋದರು.

“ಇವೆ ಸಾರ್,” ಎಂದಳು ಮಗಳು. “ಎಲ್ಲಾ ಇವೆ. ಇವತ್ತು ಬೆಳಿಗ್ಗೆ ಬಿಚ್ಚಿ ಪಕ್ಕದ ಮನೇಲಿ ಇಟ್ಟಿದ್ದೀವಿ.”

“ಪಕ್ಕದ ಮನೆ?” ಅಧಿಕಾರಿಯ ಮುಖ ಅರಳಿತು. “ಈಗ ಅಲ್ಲಿಂದಾನೇ ಬಂದೆ. ಇವತ್ತು ಈ ಕಟ್ಟಡದಲ್ಲಿ ನನಗೆ ಎರಡು ಮನೆ. ಆ ಅಜ್ಜಿಗೆ ಮಂಡಿನೋವಿಂದು ಒಂದು ಹಳೇ ಅರ್ಜಿ ಇತ್ತು. ಮನೆ ನೋಡಿ ಕಣ್ಣಲ್ಲಿ ನೀರು ಬಂತು. ಮಂಚಕ್ಕೆ ಹಗ್ಗ, ಕೆಟಲ್‌ಗೆ ಸ್ಟ್ಯಾಂಡು, ತರಕಾರಿಗೆ ಹಲಗೆ, ಗುಂಡಿಗೆ ಕೂಡ ಕೊಕ್ಕೆ! ಸೊಸೆ ಅಂದ್ರೆ ಹಾಗಿರಬೇಕು.”

“ಅವು ನಾನು ಮಾಡಿದ್ದು ಸಾರ್!”

“ಗೊತ್ತು ಗೊತ್ತು. ಪಕ್ಕದ್ಮನೆ ಫಿಟ್ಟರ್ ಮಾಡಿದ್ದು ಅಂತ ಅಜ್ಜಿನೇ ಹೇಳಿದ್ರು. ನೆರೆಹೊರೆ ಸಹಕಾರ ಶ್ಲಾಘನೀಯ ಅಂತ ಷರಾ ಬರೆದಿದ್ದೀನಿ.”

“ಸಾರ್, ಅವು ಇವಳಿಗೆ ಮಾಡಿದ್ದು.”

“ಈಗ ಅಜ್ಜಿ ಹೆಸರಲ್ಲಿ ಒಂದೊಂದೂ ದಾಖಲಾಗಿದೆ. ಒಂದೇ ಹಗ್ಗಕ್ಕೆ ಎರಡು ಮನೇಲಿ ಅಂಕ ಕೊಡೋಕಾಗಲ್ಲ ನೋಡಿ.” ಅವರು ಎದ್ದು, ಫೈಲಿನಿಂದ ಇನ್ನೊಂದು ಫಾರ್ಮು ತೆಗೆದು ಸ್ಟೂಲಿನ ಮೇಲಿಟ್ಟರು. “ಮೇಲ್ಮನವಿ. ನಿಧಾನಕ್ಕೆ ತುಂಬಿ. ನಿಧಾನಕ್ಕೇ ನೋಡ್ತಾರೆ.”

ಅವರು ಹೋದ ಮೇಲೆ ಫಿಟ್ಟರು ಕುಂಟುತ್ತ ಪಕ್ಕದ ಮನೆಗೆ ಹೊರಟರು. ಮಗಳೂ ಅವರ ತೋಳು ಹಿಡಿದು ಹೊರಟಳು. ಯಾರು ಯಾರನ್ನು ಹಿಡಿದಿದ್ದಾರೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಟೈಲರ್ ಅಕ್ಕ ಬಾಗಿಲಲ್ಲೇ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. “ದೇವರಾಣೆ ಅಣ್ಣ, ನಾನೇನೂ ಬೇಕಂತ ಮಾಡಲಿಲ್ಲ. ನೆಲದ ಮೇಲಿಟ್ರೆ ಮಿಷನ್ ತುಳಿಯೋಕೆ ಜಾಗ ಇರಲಿಲ್ಲ. ಅಲ್ಲಲ್ಲೇ ನೇತುಹಾಕಿದೆ. ಅತ್ತೆ ಹಗ್ಗ ಹಿಡ್ಕೊಂಡು ನೋಡ್ತಿದ್ರು, ಅಷ್ಟರಲ್ಲಿ ಅವರು ಬಂದೇಬಿಟ್ರು.”

“ಆಯ್ತಮ್ಮ, ಈಗ ಕೊಡು.”

“ಹೇಗೆ ಕೊಡ್ಲಿ ಅಣ್ಣ? ಯಾವಾಗ ಬೇಕಾದ್ರೂ ಮತ್ತೆ ಬಂದು ನೋಡ್ತೀನಿ ಅಂದಿದ್ದಾರೆ. ಇಲ್ಲದೆ ಹೋದ್ರೆ ಸುಳ್ಳು ಹೇಳಿದ ಹಾಗಾಗಲ್ವಾ?”

ಒಳಗೆ ಅಜ್ಜಿ ಹಗ್ಗ ಹಿಡಿದು ಏಳುತ್ತಿದ್ದರು, ಮತ್ತೆ ಮಲಗುತ್ತಿದ್ದರು, ಮತ್ತೆ ಏಳುತ್ತಿದ್ದರು. ಜೋಕಾಲಿ ಸಿಕ್ಕ ಮಗುವಿನಷ್ಟು ಖುಷಿಯಾಗಿದ್ದರು.

“ನನಗೆ ವ್ಯಾನ್ ಸಿಕ್ಕಿದೆಯಂತೆ,” ಎಂದರು. “ನಾಳೆಯಿಂದಾನೇ ಬರುತ್ತಂತೆ. ನಾನೆಲ್ಲಿಗೆ ಹೋಗ್ಲಿ? ಯಾರಿದ್ದಾರೆ ನನಗೆ?”

ಮಗಳು ಮಂಚದ ತುದಿಯಲ್ಲಿ ಕೂತಳು.

“ಗ್ರಂಥಾಲಯಕ್ಕೆ ಹೋಗೋಣ ಬನ್ನಿ ಅಜ್ಜಿ.”

“ನನಗೆ ಓದೋಕೆ ಬರಲ್ಲ ಕಣೇ.”

“ನಾನು ಓದಿ ಹೇಳ್ತೀನಿ. ದೊಡ್ಡ ಫ್ಯಾನ್ ಇದೆ. ಯಾರೂ ಮಾತಾಡಿಸಲ್ಲ.”

“ಯಾರೂ ಮಾತಾಡಿಸಲ್ವಾ?” ಅಜ್ಜಿ ಸೊಸೆಯತ್ತ ಒಮ್ಮೆ ನೋಡಿ, ತಡಮಾಡದೆ ತೀರ್ಮಾನಿಸಿದರು. “ಸರಿ. ಜೊತೆಗೆ ಬರೋರಿಗೆ ಅಂತ ಇನ್ನೊಂದು ಸೀಟು ಇದೆಯಂತೆ. ಅದರಲ್ಲಿ ನೀನು ಕೂತ್ಕೋ. ಬೇಗ ರೆಡಿಯಾಗಿರು, ನನ್ನ ವ್ಯಾನ್ ಕಾಯಲ್ಲ.”

ಮಗಳು ನಕ್ಕಳು. ಬೆಳಿಗ್ಗೆಯಿಂದ ಅದೇ ಮೊದಲು.

“ನಾನು?” ಎಂದರು ಫಿಟ್ಟರು. ಇಷ್ಟು ವರ್ಷ ಆ ಇನ್ನೊಂದು ಸೀಟಿನಲ್ಲಿ ಕೂತು ವರ್ಕ್‌ಶಾಪಿನ ಬಾಗಿಲಲ್ಲಿ ಇಳಿಯುತ್ತಿದ್ದವರು ಅವರೇ.

ಅಜ್ಜಿ ಅವರ ಬಟ್ಟೆ ಸುತ್ತಿದ ಕೈ, ಮಡಚಿದ ಕಾಲು, ವಾಲಿದ ಸೊಂಟ ನೋಡಿದರು.

“ನಿಮಗೇನಪ್ಪ, ಕೈಕಾಲು ಗಟ್ಟಿ ಇದೆ. ನಡ್ಕೊಂಡು ಹೋಗಿ. ಹೋಗೋಕೆ ಮುಂಚೆ ಆ ಕೆಟಲ್ ಸ್ಟ್ಯಾಂಡು ಸ್ವಲ್ಪ ತಿರುಗಿಸಿ ಕೂರಿಸಿಕೊಟ್ಟು ಹೋಗಿ. ಇಷ್ಟು ಒಳ್ಳೆ ಕೆಲಸಗಾರ ಅಂತಾರೆ, ಎಲ್ಲಾನೂ ಎಡಗೈಗೆ ಮಾಡಿಟ್ಟಿದ್ದೀರಲ್ಲ!”