ಮಾಮಾನ ದಾಖಲಾ

ನಮ್ಮ ಮಾಮಾನನ್ನು ಮರೆತೂ ಚಹಾಕ್ಕೆ ಕರೆಯಬೇಡಿ. ಮನೆಯಲ್ಲಿ ಶಾಲೆಗೆ ಹೋಗದ ಹೆಣ್ಣುಮಗಳೊಬ್ಬಳಿದ್ದರಂತೂ ನಿಮ್ಮ ಕಥೆ ಮುಗಿಯಿತು!

ಔರಾದ ತಾಲೂಕಿನಲ್ಲಿ ಮಾಸ್ತರನಾಗಿರುವ ಈ ನನ್ನ ಸೋದರಮಾವ ಜಗಳವಾಡುವವನಲ್ಲ, ಭಾಷಣ ಬಿಗಿಯುವವನೂ ಅಲ್ಲ. ಬಾಗಿಲಲ್ಲಿ ಕೂರುತ್ತಾನೆ, ಅಷ್ಟೆ. ಎಕಂಬಾದ ಒಂದು ಮನೆಯ ಕಟ್ಟೆಯ ಮೇಲೆ ಮೂರು ದಿನ ಹೀಗೇ ಕೂತನಂತೆ. ಚಹಾ ಕೊಟ್ಟರೆ ಬೇಡವೆನ್ನಲಿಲ್ಲ, ರೊಟ್ಟಿ ಕೊಟ್ಟರೆ ಬಿಡಲಿಲ್ಲ. ನಾಲ್ಕನೆಯ ದಿನ ಮನೆಯಾಕೆಯೇ ಮಗಳ ಕೈಗೆ ಬರೆಯುವ ಪಾಟಿ ಕೊಟ್ಟು, ಈ ಮಾಸ್ತರನನ್ನು ಸಾಕುವುದಕ್ಕಿಂತ ಇವಳನ್ನು ಓದಿಸುವುದೇ ಸುಲಭ ಎಂದಳಂತೆ!

ಬರುವ ವರ್ಷ ಅವನ ನಿವೃತ್ತಿ. ಶಿಕ್ಷಕರ ರಾಷ್ಟ್ರ ಪ್ರಶಸ್ತಿಗೆ ಅರ್ಜಿ ಹಾಕಲು ಇದೇ ಕೊನೆಯ ಅವಕಾಶವಾಗಿತ್ತು. ಆಸೆಯೇನಿಲ್ಲ ಎನ್ನುತ್ತಲೇ ದಿಲ್ಲಿಗೆಂದು ಕೋಟು ಹೊಲಿಸಿಟ್ಟಿದ್ದ! ಅರ್ಜಿ ತುಂಬುವ ಕೆಲಸ ಬೀದರಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನನ್ನ ತಲೆಗೆ ಬಂತು. ಸಾಧನೆಗೆಲ್ಲ ದಾಖಲೆ ಬೇಕು ಎಂದು ಫೋನಿನಲ್ಲಿ ಹೇಳಿದೆ. ಫೋಟೋ, ಪ್ರಮಾಣಪತ್ರ ತರುತ್ತಾನೆಂದುಕೊಂಡರೆ, ಕೊನೆಯ ದಿನ ದಪ್ಪನೆಯ ನೋಟ್‌ಬುಕ್ ಹಿಡಿದು ಬಂದ. ಅದರ ತುಂಬ ಹುಡುಗಿಯರ ಹೆಸರು, ಊರು, ಶಾಲೆಗೆ ಸೇರಿದ ತಾರೀಖು! ಶಾಲೆಗೆ ಹೆಸರು ಹಚ್ಚುವುದಕ್ಕೆ ನಮ್ಮ ಕಡೆ ‘ದಾಖಲಾ’ ಎನ್ನುತ್ತಾರಲ್ಲ, ನಾನು ಹೇಳಿದ ‘ದಾಖಲೆ’ ಅವನ ಕಿವಿಗೆ ದಾಖಲಾ ಆಗಿ ಬಿದ್ದಿತ್ತು.

“ಮಾಮಾ, ಪುರಾವಾ ಬೇಕಾಗೇದರಿ,” ಎಂದೆ.

“ಮತ್ತ ಇದೇನದವ್ವಾ?”

ಅದರ ಪುಟಗಳನ್ನೇ ಸ್ಕ್ಯಾನ್ ಮಾಡಲು ಕೂತೆ. ಮೊದಲ ಪುಟದ ಮೊದಲ ಹೆಸರು ನನ್ನ ಅವ್ವನದು! ಊರು ಅವಳ ತವರು ಖಟಕ ಚಿಂಚೋಳಿ, ತಾರೀಖಿನ ಜಾಗ ಖಾಲಿ. ಅವ್ವ ಅವನ ಅಕ್ಕ. ತಮ್ಮನನ್ನು ದಿನಾ ಶಾಲೆಯ ಬಾಗಿಲ ತನಕ ಬಿಟ್ಟು ಬಂದಳೇ ಹೊರತು ಒಳಗೆ ಕಾಲಿಟ್ಟವಳಲ್ಲ. ಮಾಸ್ತರನ ತಪ್ಪು ಹಿಡಿದ ಖುಷಿಯಲ್ಲಿ, ಈ ಹೆಸರು ತೆಗೆಯಲೇ ಎಂದು ಕೇಳಿದೆ.

“ಬ್ಯಾಡವ್ವ. ಆಗ ನಾ ಸಣ್ಣಾಂವ ಇದ್ದೆ. ನಮ್ಮಪ್ಪನ ಬಾಗಿಲದಾಗ ಕೂಡಲಾಕ ಗೊತ್ತಾಗಲಿಲ್ಲ.”

ಆ ಖಾಲಿ ಜಾಗದ ಸಮೇತ ಅರ್ಜಿ ಕಳಿಸಿದೆ.

ಪ್ರಶಸ್ತಿ ಬರಲಿಲ್ಲ. ಸುದ್ದಿ ತಿಳಿದ ಮಾರನೆಯ ದಿನ ಮಾಮಾ ದಿಲ್ಲಿಯ ಕೋಟು ಹಾಕಿಕೊಂಡು ಭಾಲ್ಕಿಯ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ಕೂತ. ಕೈಯಲ್ಲಿ ಹೊಸ ಪಾಟಿ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಅವ್ವ ಬೈದಳು, ಚಹಾ ಕೊಟ್ಟಳು. ಮರುದಿನವೂ ಬೈದಳು. ಮೂರನೆಯ ದಿನ ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಪಾಟಿ ತೆಗೆದುಕೊಂಡಳು.

ಮಾಮಾ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನತ್ತ ತಿರುಗಿದ.

“ಇವತ್ತ ತಾರೀಖ ಎಷ್ಟವ್ವಾ?”