ಪಿಲ್ಲಿಂಗರ ಹೆಸರಿನ ಮುಂದೆ ಪ್ರಶ್ನಾರ್ಥಕ

ಶನಿವಾರ ಬೆಳಿಗ್ಗೆ ಬರ್ನಾರ್ಡ್ ಪಿಲ್ಲಿಂಗರು ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದ್ದೇ ತಪ್ಪಾಯಿತು. ಪಕ್ಕದ ಮನೆಯ ಹಿಲ್ಡಾ ಡಿಲ್ವರ್ತ್ ಅವರ ಗೋಡೆಗೆ ಏಣಿ ಒರಗಿಸಿತ್ತು. ಏಣಿಯ ತುದಿಯಲ್ಲಿ ಕೋಟು, ಟೈ ಹಾಕಿಕೊಂಡ ಯುವಕನೊಬ್ಬ ನಿಂತು, ಸೂರಿನ ನೀರು ಹರಿಯುವ ದೋಣಿಯಿಂದ ಕೊಳೆತ ಎಲೆಗಳನ್ನು ಬರಿಗೈಯಲ್ಲಿ ಬಾಚಿ ತೆಗೆಯುತ್ತಿದ್ದ. ಎದೆಯ ಮೇಲೆ ಕೆಂಪು ರಿಬ್ಬನ್ನಿನ ಹೂವು. ಗುರುವಾರದ ಉಪಚುನಾವಣೆಗೆ ನಿಂತಿದ್ದ ಡಾಕ್ಟರ್ ರೆನ್‌ಶಾ. ಕೆಂಪು ಪಕ್ಷದ ಅಭ್ಯರ್ಥಿ. ಎಂದರೆ ಪಿಲ್ಲಿಂಗರದೇ ಪಕ್ಷ.

"ಎಡಗಡೆ ಮೂಲೇಲಿ ಇನ್ನೂ ಇದೆ ಕಣಪ್ಪ," ಎಂದು ಕೆಳಗಿನಿಂದ ಹಿಲ್ಡಾ ಹೇಳುತ್ತಿದ್ದರು. "ಅದಿರಲಿ, ಸರ್ಕಾರ ನಿಮ್ದೇ ಅಲ್ವಾ, ವಯಸ್ಸಾದೋರ ಚಳಿಗಾಲದ ಭತ್ಯೆ ಯಾಕೆ ನಿಲ್ಲಿಸಿದ್ರಿ, ಆಮೇಲೆ ಯಾಕೆ ವಾಪಸ್ ಕೊಟ್ರಿ? ನಿಮಗೇ ಗೊತ್ತಿಲ್ಲ ಅಂದ್ಮೇಲೆ ನಾನು ಹೇಗೆ ಓಟು ಹಾಕ್ಲಿ?"

"ಬಹಳ ಒಳ್ಳೇ ಪ್ರಶ್ನೆ ಮೇಡಂ," ಎಂದ ಡಾಕ್ಟರು ಮೂಲೆಗೆ ಕೈ ಹಾಕಿದರು.

ಪಿಲ್ಲಿಂಗರು ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತರು. ಮೂವತ್ತೆರಡು ವರ್ಷದಿಂದ ಕ್ಲೆದರ್‌ವಿಕ್ ಊರಿನ ಮನೆಮನೆಗೂ ಪಕ್ಷದ ಕರಪತ್ರ ಹಂಚಿದವರು ಅವರು. ಮಳೆಯಲ್ಲಿ ಹಂಚಿದ್ದಾರೆ, ಮಂಜಿನಲ್ಲಿ ಹಂಚಿದ್ದಾರೆ, ಮೂರು ನಾಯಿಗಳಿಂದ ಕಚ್ಚಿಸಿಕೊಂಡು ಹಂಚಿದ್ದಾರೆ. ಈ ಮೂವತ್ತೆರಡು ವರ್ಷದಲ್ಲಿ ಒಬ್ಬ ಅಭ್ಯರ್ಥಿಯಾದರೂ ಅವರ ಮನೆಯ ಹೊಸ್ತಿಲು ದಾಟಿ ಒಂದು ಲೋಟ ಟೀ ಕುಡಿದಿರಲಿಲ್ಲ. ಹಿಲ್ಡಾಗಾದರೋ ಪಕ್ಷವೇ ಇಲ್ಲ. ಸೋಮವಾರ ನೀಲಿ ಪಕ್ಷದವರು ಬಂದು ಆಕೆಯ ಹುಲ್ಲು ಕತ್ತರಿಸಿ ಹೋಗಿದ್ದರು. ಬುಧವಾರ ಹಳದಿಯವರು ಬೆಕ್ಕನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದರು.

"ಅವಳ ಬೆಕ್ಕಿಗಿರೋ ಮರ್ಯಾದೆ ನನಗಿಲ್ಲ," ಎಂದರು ಪಿಲ್ಲಿಂಗರು.

"ಬೆಕ್ಕಿಗೆ ಕಾಯಿಲೆ ಇತ್ತು," ಎಂದಳು ಹೆಂಡತಿ ಮೇವಿಸ್. "ಇವತ್ತೊಂದು ದಿನ ಸುಮ್ನಿರೋಕೆ ಆಗಲ್ವಾ ನಿಂಗೆ?"

ಸುಮ್ಮನಿರಲು ಆಗಲಿಲ್ಲ. ಪಿಲ್ಲಿಂಗರು ಕರಪತ್ರದ ಚೀಲ ಹೆಗಲಿಗೇರಿಸಿ ನೇರವಾಗಿ ಏಣಿಯ ಬುಡಕ್ಕೆ ಹೋಗಿ ನಿಂತರು. ಡಾಕ್ಟರ್ ರೆನ್‌ಶಾ ಕೆಳಗೆ ನೋಡಿ ನಕ್ಕರು.

"ಗುಡ್ ಮಾರ್ನಿಂಗ್ ಬ್ರಯಾನ್. ಹಂಚಿ ಮುಗೀತಾ? ಏಣಿ ಸ್ವಲ್ಪ ಹಿಡ್ಕೊಳ್ತೀರಾ?"

ಬರ್ನಾರ್ಡ್ ಹತ್ತು ನಿಮಿಷ ಬ್ರಯಾನ್ ಆಗಿ ಏಣಿ ಹಿಡಿದುಕೊಂಡರು. ಮೇಲಿನಿಂದ ಎರಡು ಎಲೆ ಅವರ ಟೋಪಿಯ ಮೇಲೆ ಬಿದ್ದವು.

ಅಲ್ಲಿಂದ ಸೀದಾ ಪಕ್ಷದ ಕಚೇರಿ. ಅಲ್ಲಿನ ಉಸ್ತುವಾರಿ ಕೀತ್ ಎಂಬ ಬೋಳುತಲೆಯ ಮನುಷ್ಯ, ಮತದಾರರ ಪಟ್ಟಿಯ ಮೇಲೆ ಬಗ್ಗಿ ಕುಳಿತಿದ್ದ.

"ಡಾಕ್ಟರು ನಮ್ಮನೆಗೂ ಬಂದು ಒಂದು ಲೋಟ ಟೀ ಕುಡೀಲಿ ಕೀತ್. ಹೆಚ್ಚೇನೂ ಕೇಳ್ತಿಲ್ಲ."

ಕೀತ್ ತಲೆಯೆತ್ತಿದ, ಏನೋ ಹೇಳಹೊರಟು ನುಂಗಿಕೊಂಡ. ಆಮೇಲೆ ಪಟ್ಟಿಯನ್ನು ತಿರುಗಿಸಿ ತೋರಿಸಿದ. "ಇಲ್ನೋಡಿ. ಪಿಲ್ಲಿಂಗ್, ಮುಂದೆ 'ಖಚಿತ'. ಖಚಿತ ಅಂದ್ರೆ ಆ ಬಾಗಿಲು ತಟ್ಟೋ ಹಾಗೇ ಇಲ್ಲ. ಡಿಲ್ವರ್ತ್, ಮುಂದೆ ಪ್ರಶ್ನಾರ್ಥಕ. ಈ ಊರಲ್ಲಿ ಹೋದ ಸಲ ನಲವತ್ತು ಓಟಲ್ಲಿ ಸೋತಿದೀವಿ. ನಮಗೆ ಪ್ರಶ್ನಾರ್ಥಕಗಳೇ ದೇವರು. ಏನಿದ್ರೂ ಸಂಜೆ ಮೇಲೆ ಮಾತಾಡೋಣ, ಈಗ ಹೋಗಿ ಹಂಚಿ."

ಪಿಲ್ಲಿಂಗರು ಹಂಚಲಿಲ್ಲ. ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸಿದ ಪೈ ಮಾರುವ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಂತರು. ಅಂಗಡಿಯ ಡೋರೀನ್ ಅವರಿಗೆ ಎಂದಿನ ಆಲೂಗಡ್ಡೆ ಪೈ ಕಟ್ಟುತ್ತ, "ಗೆಲ್ತೀವಾ ಈ ಸಲ?" ಎಂದು ವಾಡಿಕೆಯಂತೆ ಕೇಳಿದಳು.

ಪಿಲ್ಲಿಂಗರು ಗಂಟಲು ಸರಿಮಾಡಿಕೊಂಡು, ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದರು: "ನಾನು ಯಾರಿಗೆ ಓಟು ಹಾಕಬೇಕೂಂತ ಇನ್ನೂ ತೀರ್ಮಾನ ಮಾಡಿಲ್ಲ."

ಊರಿನ ಪಾದ್ರಿ ತಮಗೆ ದೇವರ ಬಗ್ಗೆ ಸಂಶಯ ಬಂದಿದೆ ಎಂದಿದ್ದರೂ ಡೋರೀನ್ ಇಷ್ಟು ಬೆರಗಾಗುತ್ತಿರಲಿಲ್ಲ. ಪಿಲ್ಲಿಂಗರು ಪೈ ಹಿಡಿದು ಮನೆ ಸೇರುವ ಹೊತ್ತಿಗೆ ಪೈ ಇನ್ನೂ ಬಿಸಿಯಾಗಿತ್ತು, ಸುದ್ದಿ ಮಾತ್ರ ಆಗಲೇ ಮನೆಗೆ ಬಂದು ಕೂತಿತ್ತು.

ಗೇಟಿನ ಹತ್ತಿರ ನೀಲಿ ಪಕ್ಷದ ಅಭ್ಯರ್ಥಿಯೇ ನಿಂತಿದ್ದ. ಎತ್ತರದ ಆಳು, ಜೊತೆಗೆ ಫೋಟೋ ತೆಗೆಯುವವನು, ಸುತ್ತಿಗೆ ಹಿಡಿದ ಇಬ್ಬರು.

"ಮಿಸ್ಟರ್ ಬರ್ನಾರ್ಡ್ ಪಿಲ್ಲಿಂಗ್," ಎಂದು ಆತ ಎರಡೂ ಕೈಯಿಂದ ಇವರ ಕೈ ಹಿಡಿದ. "ನಿಮ್ಮಂಥೋರ ಕಷ್ಟ ಕೇಳೋಕೇ ನಾನು ರಾಜಕೀಯಕ್ಕೆ ಬಂದಿದ್ದು."

ಎದುರು ಪಕ್ಷದವನ ಬಾಯಲ್ಲಿ ತಮ್ಮ ಹೆಸರು ಸರಿಯಾಗಿ ಬಂದದ್ದು ಕೇಳಿ ಪಿಲ್ಲಿಂಗರ ಕಣ್ಣು ಒದ್ದೆಯಾಯಿತು. ಒಳಗೆ ಕರೆದರು. ಮೇವಿಸ್ ಟೀ ಕೊಟ್ಟಳು. ಯಾವ ನೀತಿ ಅವರಿಗೆ ಬೇಸರ ತಂದಿತು ಎಂದು ಆತ ಕೇಳಿದ. ಪಿಲ್ಲಿಂಗರು ಯಾವ ನೀತಿಯನ್ನೂ ದ್ವೇಷಿಸುತ್ತಿರಲಿಲ್ಲ. ಕರಪತ್ರದಲ್ಲಿದ್ದುದನ್ನೆಲ್ಲ ತಲೆಕೆಳಗು ಮಾಡಿ ಹೇಳಿದರು: ಆಸ್ಪತ್ರೆಯ ಸರದಿ ಕಡಿಮೆಯಾಗಿಲ್ಲ, ಹಸಿರು ಬಯಲಲ್ಲೆಲ್ಲ ಮನೆ ಕಟ್ಟಿಸುತ್ತಾರೆ, ಬಸ್ಸು ಬರುವುದಿಲ್ಲ. ಎರಡು ತಿಂಗಳಿಂದ ಬಾಯಿಪಾಠವಾಗಿದ್ದರಿಂದ ಮಾತು ಸೊಗಸಾಗಿ ಬಂತು. ಫೋಟೋದವನು ಅವರ ಕೋಟಿಗೆ ನೀಲಿ ಹೂವು ಸಿಕ್ಕಿಸಿ, "ಸ್ವಲ್ಪ ನಗಿ," ಎಂದ. ನಕ್ಕರು.

ಟೀ ಮುಗಿದ ಮೇಲೆ ಹೊರಗೆ ನೋಡಿದರೆ ಸುತ್ತಿಗೆಯವರು ಮೇವಿಸಳ ಗುಲಾಬಿ ಪಾತಿಯ ನಡುವೆ ಬಾಗಿಲಿನಷ್ಟು ಅಗಲದ ನೀಲಿ ಪ್ರಚಾರದ ಹಲಗೆ ನೆಟ್ಟಿದ್ದರು.

"ತೆಗೆಸು ಅದನ್ನ," ಎಂದಳು ಮೇವಿಸ್.

"ಇರಲಿ ಬಿಡು. ಹಿಲ್ಡಾಗೆ ಕಾಣಿಸ್ಲಿ."

ಹಿಲ್ಡಾ ಬೇಲಿಯ ಆಚೆಯಿಂದ ನೋಡುತ್ತಲೇ ಇದ್ದರು. ಅಷ್ಟರಲ್ಲಿ ಹಳದಿ ಪಕ್ಷದ ಇಬ್ಬರು ಹೆಂಗಸರು ಬಂದು, ಪಿಲ್ಲಿಂಗರನ್ನು ರಸ್ತೆಯ ಗುಂಡಿಯೊಳಗೆ ನಿಲ್ಲಿಸಿ ವಿಡಿಯೋ ಮಾಡಿಕೊಂಡರು. ಗುಂಡಿ ಆಳವಾಗಿ ಕಾಣಲಿ ಎಂದು ಮಂಡಿ ಬಗ್ಗಿಸಲು ಹೇಳಿದರು. ಹಿಂದೆಯೇ ಹಸಿರು ಪಕ್ಷದ ಗಡ್ಡದ ಮನುಷ್ಯ ಬಂದು, ಮನೆ ಎಷ್ಟು ಶಾಖ ಪೋಲುಮಾಡುತ್ತದೆಂದು ನೋಡಲು ಅಟ್ಟ ಹತ್ತಿದ. ಎರಡು ನಿಮಿಷಕ್ಕೆ ಮಲಗುವ ಕೋಣೆಯಿಂದ ಮೇವಿಸ್ ಕೂಗಿದಳು. ಪಿಲ್ಲಿಂಗರು ಓಡಿಹೋಗಿ ನೋಡಿದರೆ ಚಾವಣಿಯಿಂದ ಬೂಟು ಹಾಕಿದ ಒಂದು ಕಾಲು ಪಡವಲಕಾಯಿಯಂತೆ ಜೋತಾಡುತ್ತಿತ್ತು.

"ನಾನು ಹೇಳಿದ್ದೇ ಸರಿ," ಎಂದು ಮೇಲಿನಿಂದ ದನಿ ಬಂತು. "ಇಲ್ಲಿ ಶಾಖ ತಡೆಯೋಕೆ ಏನೂ ಇಲ್ಲ."

ಕಾಲನ್ನು ಮೇಲಕ್ಕೆ ನೂಕಿ, ಗಾರೆ ಗುಡಿಸಿ, ಹನ್ನೊಂದನೇ ಲೋಟ ಟೀ ಕೊಟ್ಟು ಕಳಿಸುವ ಹೊತ್ತಿಗೆ ಮೂರು ಗಂಟೆ. ಊರಿನ ಎಲ್ಲ ಬಣ್ಣಗಳೂ ಬಂದು ಹೋದವು. ಕೆಂಪು ಮಾತ್ರ ಬರಲಿಲ್ಲ. ಗೇಟು ಕಿರುಗುಟ್ಟಿದಾಗಲೆಲ್ಲ ಪಿಲ್ಲಿಂಗರು ಮದುಮಗನಿಗೆ ಕಾಯುವವರಂತೆ ಪರದೆ ಸರಿಸಿ ನೋಡಿದರು.

ಕೊನೆಗೆ ಕೀತ್ ಬಂದ. ಒಬ್ಬನೇ.

"ಡಾಕ್ಟರು ಹಿಂದೆ ಬರ್ತಿದಾರಾ?"

"ಚೀಲ ಕೊಡಿ," ಎಂದ ಕೀತ್. "ಕಚೇರಿ ಬೀಗದ ಕೈಯನ್ನೂ ಕೊಡಿ."

"ಕೀತ್, ನಾನು ನಿಮ್ಮೋನೇ ಕಣಯ್ಯ. ಸುಮ್ನೆ ಒಂದು ಪ್ರಶ್ನಾರ್ಥಕ ಹಾಕಿಸ್ಕೊಳ್ಳೋಣ ಅಂತ..."

ಕೀತ್ ಮೊಬೈಲು ಎತ್ತಿ ಹಿಡಿದ. ನೀಲಿ ಹೂವು ಸಿಕ್ಕಿಸಿಕೊಂಡ ಪಿಲ್ಲಿಂಗರು ಅದರಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಕೆಳಗೆ 'ಮೂರು ದಶಕದ ಕೆಂಪು ಕಾರ್ಯಕರ್ತ ನಮ್ಮ ಕಡೆಗೆ' ಎಂದಿತ್ತು.

"ನಿಮ್ಮ ಹೆಸರಿನ ಮುಂದೆ ಈಗ 'ಎದುರು' ಅಂತ ಬರ್ದಿದೀವಿ. ಕಮಿಟಿ ಒಂದು ಗಂಟೆಗೇ ಸೇರಿತ್ತು. ಒಬ್ಬರೂ ನಿಮ್ಮ ಪರ ಮಾತಾಡ್ಲಿಲ್ಲ, ಮಾತಾಡೋರೆಲ್ಲ ಫೋಟೋ ನೋಡ್ತಿದ್ರು."

ಪಿಲ್ಲಿಂಗರು ನೀಲಿ ಕಚೇರಿಗೆ ಫೋನು ಮಾಡಿದರು. ಹಲಗೆ ತೆಗೆಯಿರಿ, ಇಲ್ಲವೇ ಅಭ್ಯರ್ಥಿಯನ್ನಾದರೂ ಇನ್ನೊಮ್ಮೆ ಕಳಿಸಿ ಎಂದರು. "ನೀವು ಈಗ ನಮ್ಮಲ್ಲಿ ಖಚಿತ ಸಾರ್," ಎಂದಿತು ಅತ್ತಲಿನ ಹೆಣ್ಣುದನಿ. "ಅನುಮಾನ ಇರೋರ ಕಡೆ ಹೋಗಿದಾರೆ. ಬೇಕಿದ್ರೆ ನಿಮ್ಮ ಬೀದೀಲಿ ಕರಪತ್ರ ಹಂಚ್ತೀರಾ?"

ಫೋನಿಟ್ಟು ಕಿಟಕಿಗೆ ಬಂದರೆ, ಕೀತನನ್ನು ಹಿಲ್ಡಾ ಬೇಲಿಯ ಬಳಿ ನಿಲ್ಲಿಸಿಕೊಂಡು ಏನೋ ಹೇಳುತ್ತಿದ್ದರು. ಕೀತನ ಮುಖ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಪಿಲ್ಲಿಂಗರು ಪರದೆ ಎಳೆದು, ಗಾರೆಯ ಧೂಳು ತುಂಬಿದ ಮಂಚದ ಮೇಲೆ ಮುಸುಕು ಹಾಕಿ ಮಲಗಿದರು.

ಆರು ಗಂಟೆಗೆ ಬಾಗಿಲು ಬಡಿದ ಸದ್ದಿಗೆ ಎದ್ದರು. ಮೇವಿಸ್ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ಹಿಲ್ಡಾ. ಎದೆಯ ಮೇಲೆ ಕೆಂಪು ಹೂವು.

"ಎರಡು ಕುರ್ಚಿ ಕೊಡ್ತೀರಾ ಮಿಸ್ಟರ್ ಪಿಲ್ಲಿಂಗ್? ಮನೆ ತುಂಬ ಜನ ಬಂದುಬಿಟ್ಟಿದಾರೆ."

ಪಿಲ್ಲಿಂಗರು ಎರಡು ಕುರ್ಚಿ ಎತ್ತಿಕೊಂಡು ಹಿಂದೆ ಹೋದರು. ಹಿಲ್ಡಾರ ಮುಂದಿನ ಕೋಣೆಯಲ್ಲಿ ಕೀತ್, ಡಾಕ್ಟರ್ ರೆನ್‌ಶಾ, ಇಡೀ ಕಮಿಟಿ. ಮಧ್ಯೆ ಮೇಜಿನ ಮೇಲೆ ದೊಡ್ಡ ಕೇಕು. ಮೇಲೆ ಕೆಂಪು ಸಕ್ಕರೆಯಲ್ಲಿ 'ಮೂವತ್ತೆರಡು ವರ್ಷದ ಸೇವೆಗೆ ಧನ್ಯವಾದ' ಎಂದು ಬರೆದಿತ್ತು. ಅದರ ಮೊದಲಿದ್ದ ಹೆಸರನ್ನು ಚಾಕುವಿನಿಂದ ಹೆರೆದು ತೆಗೆದಿದ್ದರು. 'ಬ' ಅಕ್ಷರದ ಒಂದು ತುಣುಕು ಮಾತ್ರ ಉಳಿದಿತ್ತು.

ಮೂಲೆಯಲ್ಲಿ ಮೇವಿಸ್ ಕೂತು ತಿನ್ನುತ್ತಿದ್ದಳು.

"ನಿಂಗೆ ಗೊತ್ತಿತ್ತಾ ಇದು?" ಎಂದರು ಪಿಲ್ಲಿಂಗರು, ಕುರ್ಚಿ ಇನ್ನೂ ಕೈಯಲ್ಲೇ.

"ಹೋದ ತಿಂಗಳೇ ಹೇಳಿದ್ರು. ಐದು ಗಂಟೆಗೆ ನಮ್ಮನೆಗೇ ಬರೋರಿದ್ರು, ಡಾಕ್ಟರೂ ಸೇರಿ. ನಿಂಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು," ಎಂದಳು ಮೇವಿಸ್ ಬೆರಳು ನೆಕ್ಕುತ್ತ. "ನಾನು ಮಾತಿಗೆ ತಪ್ಪಲಿಲ್ಲ."

"ಮಿಸೆಸ್ ಡಿಲ್ವರ್ತ್ ಇವತ್ತು ಪಕ್ಷ ಸೇರಿದ್ರು," ಎಂದ ಕೀತ್, ಪಿಲ್ಲಿಂಗರನ್ನು ಬಿಟ್ಟು ಗೋಡೆಯ ಕಡೆ ನೋಡುತ್ತ. "ಕೇಕು ಹಾಳಾಗೋದು ಬೇಡಾಂತ ಇಲ್ಲಿಗೆ ತಂದ್ವಿ. ಮೂವತ್ತೆರಡು ವರ್ಷ ಅವರು ಮುಂದೆ ಮಾಡ್ತಾರೆ."

"ಹತ್ತು ವರ್ಷದಿಂದ ತೀರ್ಮಾನ ಮಾಡದೆ ಇದ್ದೋರು, ಇವತ್ತು ಅದು ಹೇಗೆ..." ಎಂದರು ಪಿಲ್ಲಿಂಗರು.

"ನಿಮ್ಮಿಂದಲೇ," ಎಂದರು ಹಿಲ್ಡಾ ನಿಷ್ಕಪಟವಾಗಿ. "ನೀವು ಇರೋ ಪಕ್ಷ ಅಂತ ಇಷ್ಟು ವರ್ಷ ನಂಗೆ ಮನಸ್ಸು ಬರ್ತಿರಲಿಲ್ಲ. ದಿನಾ ಬೇಲಿ ಮೇಲಿಂದ ಅದೇ ಭಾಷಣ. ನೀವು ಬಿಟ್ರಿ ಅಂತ ಗೊತ್ತಾದ್ಮೇಲೆ ಸಮಾಧಾನವಾಗಿ ಯೋಚನೆ ಮಾಡ್ದೆ."

ಡಾಕ್ಟರ್ ರೆನ್‌ಶಾ ಎದ್ದು ಬಂದು ಪಿಲ್ಲಿಂಗರ ಕೈಯಿಂದ ಕುರ್ಚಿಗಳನ್ನು ಇಳಿಸಿಕೊಂಡು, ಕೈ ಕುಲುಕಿದರು. "ಕುರ್ಚಿ ತಂದಿದ್ದಕ್ಕೆ ಬಹಳ ಥ್ಯಾಂಕ್ಸ್ ಬ್ರಯಾನ್."

ಹಿಲ್ಡಾ ಕೋಣೆಯ ಸುತ್ತ ಕಣ್ಣಾಡಿಸಿ ಬೆರಳು ಮಡಿಸಿ ಲೆಕ್ಕ ಹಾಕಿದರು. "ಇನ್ನೂ ಎರಡು ಬೇಕಾಗುತ್ತೆ," ಎಂದರು. "ನೀವೂ ಕೂರೋದಾದ್ರೆ ಮೂರು."

ಪಿಲ್ಲಿಂಗರು ಮನೆಗೆ ಹೋಗಿ ಎರಡೇ ಕುರ್ಚಿ ತಂದರು. ನಿಂತುಕೊಂಡೇ ಕೇಕು ತಿಂದರು.