ಮೂರು ಊರು, ಒಂದು ಕಪ್ಪುಕುಳಿ

ರಾಯಚೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಕಪ್ಪುಕುಳಿಯ, ಅಂದರೆ ಬ್ಲ್ಯಾಕ್ ಹೋಲಿನ, ಬಗ್ಗೆ ಬಾಯಿ ತೆರೆದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಹೋದ ವರ್ಷ ಕಾಲೇಜಿಗೊಂದು ದುರ್ಬೀನು ಕೇಳಿದೆ. ಆಡಳಿತ ಮಂಡಳಿಯ ಅಧ್ಯಕ್ಷರು, "ಮೊದ್ಲು ಮೂರು ಊರಾಗ ಭಾಷಣ ಮಾಡ್ರಿ. ಕಡೀದಕ್ಕ ನಾ ಬರ್ತೀನಿ. ನನಗ ತಿಳಿದ್ರ ದುರ್ಬೀನು, ಇಲ್ಲಂದ್ರ ಇಲ್ಲ" ಅಂದರು.

೧. ಶಕ್ತಿನಗರ

ಕೇಳುಗರೆಲ್ಲ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವವರು. ಕಪ್ಪುಕುಳಿ ತಾನು ಬೆಳಗುವುದಿಲ್ಲ, ಅದರೊಳಗೆ ಬೀಳಲಿರುವ ಅನಿಲವೇ ಸುತ್ತ ಗಿರಗಿರ ತಿರುಗಿ, ಕಾದು, ಇಡೀ ಗೆಲಾಕ್ಸಿಯನ್ನು ಮೀರಿಸುವಷ್ಟು ಬೆಳಕು ಕೊಡುತ್ತದೆ ಎಂದೆ. ಒಬ್ಬ ಎಂಜಿನಿಯರು ಎದ್ದರು.

"ಬೂದಿ ಎಲ್ಲಿ ಹಾಕ್ತಾರ್ರಿ?"

"ಬೂದಿ ಬರೂದಿಲ್ರಿ."

ಅವರು ಪಕ್ಕದವರಿಗೆ, "ಏಳ್ರಿ ಹೋಗೂಣು. ಈ ಯಪ್ಪಾ ಪ್ಲಾಂಟೇ ನೋಡಿಲ್ಲ" ಎಂದರು.

೨. ಮಾನ್ವಿ

ಅಕ್ಕಿ ಗಿರಣಿಯ ಅಂಗಳದಲ್ಲಿ ಭಾಷಣ. ಬಂದದ್ದೆಲ್ಲ ಕುಳಿಯ ಹೊಟ್ಟೆಗೆ ಹೋಗುವುದಿಲ್ಲ, ಒಂದಿಷ್ಟು ಎರಡು ಧಾರೆಯಾಗಿ ಮೇಲಕ್ಕೂ ಕೆಳಕ್ಕೂ ಲಕ್ಷಾಂತರ ಜ್ಯೋತಿರ್ವರ್ಷ ಚಿಮ್ಮುತ್ತದೆ ಎಂದೆ. ಗಿರಣಿ ಮಾಲೀಕರು ಗಲ್ಲಕ್ಕೆ ಕೈ ಹಚ್ಚಿದರು.

"ನನ್ನ ಹೊಟ್ಟು ಒಂದು ಗೋಡಿ ದಾಟಿದ್ರ ಪಕ್ಕದ ಮನಿ ಯವ್ವ ಬಾಯಿಗಿ ಬಂದಂಗ ಬೈತಾಳ. ಅಲ್ಲಿ ಯಾರೂ ಅರಿವಿ ಒಣ ಹಾಕಂಗಿಲ್ಲೇನ್ರಿ?"

೩. ದೇವದುರ್ಗ

ಅಧ್ಯಕ್ಷರು ಬಂದದ್ದು ಇಲ್ಲಿಗೆ. ಹೀಗೆ ಬೆಳಗುವ ಕುಳಿಗಳಿಗೆ ಕ್ವೇಸಾರ್, ಬ್ಲೇಜಾರ್ ಎಂದು ಹೆಸರು ಹಲವಾದರೂ ಒಳಗಿನ ಯಂತ್ರ ಒಂದೇ. ಕುಳಿ ಎಷ್ಟು ತಿನ್ನುತ್ತದೆ, ಅದರಿಂದ ಚಿಮ್ಮುವ ಧಾರೆಯನ್ನು ನಾವು ಬದಿಯಿಂದ ನೋಡುತ್ತೇವೋ ನೇರ ಎದುರಿನಿಂದಲೋ ಎಂಬುದರ ಮೇಲೆ ಹೆಸರು ಎಂದೆ. ಅಧ್ಯಕ್ಷರು ಆಕಳಿಸಿದರು.

"ಒಂದೂ ತಲಿಗಿ ಹತ್ತವಲ್ದು."

ದುರ್ಬೀನು ಕೈತಪ್ಪಿತು ಅಂದುಕೊಂಡೆ. ಅಷ್ಟರಲ್ಲಿ ಸಭೆಯ ಹಿಂದೆ ಬಿಸಿ ಮಿರ್ಚಿ ಬಜ್ಜಿಯ ಬುಟ್ಟಿ ಬಂತು. ನಮ್ಮ ಕಡೆ ಮಿರ್ಚಿ ಬಂದ ಮೇಲೆ ವಂದನಾರ್ಪಣೆಗೆ ಯಾರೂ ಕಾಯುವುದಿಲ್ಲ. ಇಡೀ ಸಭೆ ಬುಟ್ಟಿಯ ಸುತ್ತ ಸುಳಿಯಾಯಿತು. "ಸರಿ ಲೇ!" "ಕಾಲ್ ತುಳೀಬ್ಯಾಡ ಬೇ!" ತಿಕ್ಕಾಟಕ್ಕೆ ಎಲ್ಲರ ಮುಖ ಕೆಂಪೇರಿತು.

ನಾನು ಮೈಕು ಹಿಡಿದೆ. "ಸರ್, ಅಲ್ನೋಡ್ರಿ. ಬುಟ್ಟಿನೇ ಕಪ್ಪುಕುಳಿ. ಸುತ್ತ ಕಾದು ಕೆಂಪಗಾದ ಮಂದಿನೇ ಬೆಳಕು. ಬಾಜೂಕ ನಿಂತ್ರ ಬರೇ ಬೆನ್ನು ಕಾಣ್ತಾವ, ಬುಟ್ಟಿ ಕಾಣಂಗಿಲ್ಲ."

ಅಧ್ಯಕ್ಷರು ಎದ್ದು ಹೋಗಿ ಬಾಜೂಕ ನಿಂತರು. ತಲೆಯಾಡಿಸಿದರು. ಮತ್ತೆ ತಿರುಗಿ, ಮಂದಿಯ ಸಂದಿಯಲ್ಲಿ ಬುಟ್ಟಿ ಕಾಣುವಂತೆ ನೇರ ಎದುರಿಗೆ ನಿಂತರು. ಒಳಗೆ ಸಿಕ್ಕಿಬಿದ್ದವನೊಬ್ಬ ಹೊರಗಿನ ಗೆಳೆಯನಿಗೆಂದು ಎಸೆದ ಮಿರ್ಚಿ ಅವರ ಹಣೆಗೇ ಬಡಿಯಿತು.



ಅಧ್ಯಕ್ಷರು ಎಣ್ಣೆ ಒರೆಸಿಕೊಂಡರು. "ಹಿಂಗ ನೆಟ್ಟಗ ಮಾರಿಗೇ ಬಂದ್ರ ಏನಂತಾರ್ರಿ?"

"ಬ್ಲೇಜಾರ್, ಸರ್."

"ತಿಳೀತು. ದುರ್ಬೀನು ತಗೋರಿ. ಇದನ್ನ ದೂರದಿಂದ ನೋಡೂದ ಚೊಲೊ."